ಕಾಗಿಣೆಯ ಗುಂಟ ಸನ್ನತಿಯವರೆಗೆ

ಚಿಂಚೋಳಿ ಬಿಟ್ಟು ಚಂದ್ರಂಪಳ್ಳಿಯ ದಾರಿ ಹಿಡಿದಿದ್ದೀರಿ. ಕಾರ್ತಿಕದ ಬೆಳಗು. ರಸ್ತೆಯ ಎರಡೂ ಬದಿ ತೊಗರಿ ಹೂವಿಗೆ ಬಂದಿದೆ, ಕಣ್ಣು ಹಾಯುವಷ್ಟು ದೂರ ಹಳದಿ. ಊರು ಹಿಂದೆ ಸರಿದಂತೆ ಕರಿ ಎರೆ ಮುಗಿದು ಕೆಂಪು ನೆಲ ಶುರುವಾಗುತ್ತದೆ. ಒಂದು ತಾಂಡಾ ಬರುತ್ತದೆ, ಹೋಗುತ್ತದೆ. ಆಮೇಲೆ ಕಾಡು. ತೇಗದ ಅಗಲ ಎಲೆಗಳ ಮೇಲೆ ಇಬ್ಬನಿ ಇನ್ನೂ ಆರಿಲ್ಲ. 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಣೆಯಾದ ಕಾಡಿದು, 134 ಚದರ ಕಿಲೋಮೀಟರಿಗೂ ಮಿಕ್ಕಿ ಹರಡಿದೆ. ಕಲಬುರಗಿ ಅಂದರೆ ಬಿಸಿಲು, ಬರ, ಸಿಮೆಂಟು ಅಷ್ಟೇ ಎಂದುಕೊಂಡು ಬಂದವರನ್ನು ಮೊದಲು ಇಲ್ಲಿಗೇ ಕರೆತರಬೇಕು ಅನಿಸುತ್ತದೆ ನನಗೆ.

ತಿರುವಿನಲ್ಲಿ ಒಮ್ಮೆಲೇ ನೀರು ಕಾಣುತ್ತದೆ. ಸರನಾಲಾ ಹಳ್ಳಕ್ಕೆ ಒಡ್ಡು ಹಾಕಿ ನಿಲ್ಲಿಸಿದ ನೀರು ಗುಡ್ಡಗಳ ಸಂದಿಗೊಂದಿಗಳಿಗೆಲ್ಲ ಕೈ ಚಾಚಿಕೊಂಡು ಮಲಗಿದೆ. ದಂಡೆಯಲ್ಲಿ ಅರ್ಧ ಮುಳುಗಿದ ಮರವೊಂದರ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತಿವೆ. ಇದೇ ಗುಡ್ಡಗಳ ನಡುವೆ ಗೊಟ್ಟಂಗೊಟ್ಟದಲ್ಲಿ ಬಕ್ಕಪ್ರಭುವಿನ ಗುಡಿ. ಕಾಯಿ ಕರ್ಪೂರದ ಪುಡಿಕೆ ಹಿಡಿದು ಹೊರಟ ಮುದುಕಿ ನಿಮ್ಮನ್ನು ನೋಡಿ ನಿಲ್ಲುತ್ತಾಳೆ. ‘ಯಾವೂರಿನವರ್ರೀ? ದೇವರ ದರ್ಶನ ಮಾಡ್ದ ನೀರು ನೋಡಿ ಹೋಗಬ್ಯಾಡ್ರಿ ಮತ್ತ.’ ಈ ಸೀಮೆಯಲ್ಲಿ ನೀರಿದ್ದಲ್ಲಿ ದೇವರುಂಟು, ದೇವರಿದ್ದಲ್ಲಿ ನೀರುಂಟು. ಎರಡನ್ನೂ ಒಟ್ಟಿಗೇ ನೋಡಬೇಕು ಎಂದು ಮುದುಕಿಗೆ ಯಾರೂ ಹೇಳಿಕೊಟ್ಟಿಲ್ಲ.

ಒಡ್ಡು ದಾಟಿದ ನೀರಿನ ಬೆನ್ನು ಹತ್ತುತ್ತೀರಿ. ಅದು ಮುಲ್ಲಾಮಾರಿಗೆ ಸೇರುತ್ತದೆ, ಮುಲ್ಲಾಮಾರಿ ಕಾಗಿಣೆಗೆ. ಸೇಡಂನಲ್ಲಿ ನಿಲ್ಲುವುದು ಸುಸಲಾ, ಮಿರ್ಚಿ ತಿನ್ನುವಷ್ಟು ಹೊತ್ತು ಮಾತ್ರ. ಸಿಮೆಂಟಿನ ಲಾರಿಗಳು ಒಂದರ ಹಿಂದೊಂದು ಸಾಗಿ, ರಸ್ತೆ ಬದಿಯ ಬೇವಿನ ಎಲೆಗೂ ಬೂದಿ ಬಣ್ಣ ಹಿಡಿದಿದೆ.

ಮಳಖೇಡದಲ್ಲಿ ಕಾಗಿಣೆಯ ದಂಡೆಗೆ ಇಳಿಯಿರಿ. ಮಳೆಗಾಲದ ಕೆಂಪು ಇಳಿದು ನೀರು ತಿಳಿಯಾಗಿದೆ. ಮೆಟ್ಟಿಲ ಮೇಲೆ ಒದ್ದೆ ಪಂಚೆಯಲ್ಲಿ ನಿಂತವರು ಆಚಮನ ಮಾಡುತ್ತಿದ್ದಾರೆ. ಅಕ್ಷೋಭ್ಯತೀರ್ಥರು, ಟೀಕಾಚಾರ್ಯ ಜಯತೀರ್ಥರು ಇಲ್ಲಿ ಬೃಂದಾವನಸ್ಥರೆಂದು ಪೂಜೆ ನಡೆಯುವ ಉತ್ತರಾದಿ ಮಠ ದಂಡೆಯ ಮೇಲೇ ಇದೆ. ಭಕ್ತರು ಹೇಳುವ ಕತೆ ಕೇಳಿ: ಧೋಂಡೋಪಂತನೆಂಬ ಸಿರಿವಂತರ ಮನೆಯ ಹುಡುಗ ಕುದುರೆ ಏರಿ ಹೊಳೆಗೆ ಬಂದ. ಇಳಿಯಲಿಲ್ಲ, ಕೈ ಹಚ್ಚಲಿಲ್ಲ, ಬಾಗಿ ಬಾಯಿಂದಲೇ ನೀರು ಹೀರಿದ. ದಂಡೆಯಲ್ಲಿದ್ದ ಅಕ್ಷೋಭ್ಯತೀರ್ಥರು, ಹಿಂದಿನ ಜನ್ಮದಲ್ಲಿ ಎತ್ತಾಗಿದ್ದೆಯೇನು ಎಂದು ಕೇಳಿದರು. ಆ ಹುಡುಗನೇ ಮುಂದೆ ಮಧ್ವಾಚಾರ್ಯರ ಗ್ರಂಥಗಳಿಗೆ ಟೀಕೆ ಬರೆದ ಜಯತೀರ್ಥ. ಆಷಾಢ ಬಹುಳ ಪಂಚಮಿಯ ಆರಾಧನೆಗೆ ಬಂದವರು ಮೊದಲು ಇದೇ ಹೊಳೆಯಲ್ಲಿ ಮುಳುಗಿ ಏಳುತ್ತಾರೆ.

ಮಠದಿಂದ ಹೊರಟು ಓಣಿಯಲ್ಲಿ ನಡೆದರೆ ನೇಮಿನಾಥ ಬಸದಿ. ಬಾಗಿಲು ತಗ್ಗು, ತಲೆ ಬಾಗಿಸಿಯೇ ಒಳಗೆ ಹೋಗಬೇಕು. ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣದು, ಆಮೇಲೆ ಕಂಬಗಳು ಒಂದೊಂದಾಗಿ ಮೂಡುತ್ತವೆ. ಈ ಮಳಖೇಡವೇ ಅಂದಿನ ಮಾನ್ಯಖೇಟ. ರಾಷ್ಟ್ರಕೂಟರ ಅಮೋಘವರ್ಷನ ರಾಜಧಾನಿ. ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನ ಇಲ್ಲಿತ್ತು, ‘ಗಣಿತಸಾರಸಂಗ್ರಹ’ದ ಮಹಾವೀರಾಚಾರ್ಯ ಹೆಸರು ಹಿಡಿದು ಹೊಗಳಿದ್ದು ಈ ಅರಸನನ್ನೇ. 972ರಲ್ಲಿ ಪರಮಾರರ ಸೀಯಕ ಊರನ್ನು ಸೂರೆಗೈದ. ಕೋಟೆಯ ಗೋಡೆ ಹತ್ತಿದರೆ ಗುಡಿಯ ಗಂಟೆಯೂ ಆಜಾನೂ ಒಂದೇ ಗಾಳಿಯಲ್ಲಿ ಬರುತ್ತವೆ. ಕೋಟೆಯೊಳಗೇ ದರ್ಗಾ ಇದೆ. ಕನ್ನಡ ಓದು ಬರಹ ಕಲಿತ ಪ್ರತಿಯೊಬ್ಬರೂ ಜೀವಮಾನದಲ್ಲಿ ಒಮ್ಮೆಯಾದರೂ ಈ ಗೋಡೆಯ ಮೇಲೆ ನಿಂತು ಕೆಳಗಿನ ಹೊಳೆಯನ್ನು ನೋಡಬೇಕು ಎಂದು ನಾನು ನಂಬಿದ್ದೇನೆ.

ಹೊಳೆಯಿಂದ ತುಸು ಪಕ್ಕಕ್ಕೆ ಸರಿದು ಚಿತ್ತಾಪುರ. ಊರ ಹೊರಗೆ ನಾಗಾವಿ. ಯಲ್ಲಮ್ಮನ ಗುಡಿಯಿಂದ ಬರುವ ಹೆಂಗಸರ ಹಣೆಯ ತುಂಬ ಭಂಡಾರ. ಅಲ್ಲಿಯೇ ಅರವತ್ತು ಕಂಬದ ಗುಡಿ, ಸುತ್ತ ಜಾಲಿಗಿಡ. ಚಾಲುಕ್ಯರ ಕಾಲದಲ್ಲಿ ನಾಗಾವಿ ಘಟಿಕಾಸ್ಥಾನ, ಎಂದರೆ ದೊಡ್ಡ ವಿದ್ಯಾಕೇಂದ್ರವಾಗಿತ್ತು. 1058ರ ಶಾಸನ ಲೆಕ್ಕ ಕೊಡುತ್ತದೆ: ವೇದ ಓದುವ 200 ಹುಡುಗರು, ಶಾಸ್ತ್ರ ಓದುವ 50 ಮಂದಿ, ಕಲಿಸುವ ಗುರುಗಳು, ಇವರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು. ಪುಸ್ತಕ ಕಾಯುವುದಕ್ಕೇ ಆರು ಜನರಿಗೆ ಉಂಬಳಿ! ಇಂದು ನಮ್ಮ ಎಷ್ಟು ಕಾಲೇಜುಗಳಲ್ಲಿ ಗ್ರಂಥಾಲಯಕ್ಕೆ ಒಬ್ಬರಾದರೂ ಇದ್ದಾರೆ?

ಶಹಾಬಾದಿನ ಹತ್ತಿರ ನೆಲವೇ ತೆರೆದುಕೊಂಡಿರುತ್ತದೆ. ಖಣಿಯ ಅಂಚಿಗೆ ಹೋಗಿ ಬಗ್ಗಿ ನೋಡಿ. ಬುಟ್ಟಿಯಲ್ಲಿ ಪೇರಿಸಿಟ್ಟ ಜೋಳದ ರೊಟ್ಟಿಯ ಹಾಗೆ ಕಲ್ಲು ಪದರ ಪದರ. ಕೆಳಗೆ ಒಬ್ಬ ಉಳಿಯನ್ನು ಪದರದ ಸಂದಿಗೆ ಇಟ್ಟು ಮೆಲ್ಲಗೆ ಬಡಿಯುತ್ತಾನೆ, ಜಾಗ ಬದಲಿಸಿ ಮತ್ತೆ ಬಡಿಯುತ್ತಾನೆ. ಸದ್ದು ಟೊಳ್ಳಾಗುವವರೆಗೆ ಕಾದು ಹಾರೆ ಹಾಕಿ ಎತ್ತಿದರೆ ಮಂಚದಗಲದ ಫರಸಿ ಸಲೀಸಾಗಿ ಎದ್ದುಬರುತ್ತದೆ. ನಿಮ್ಮ ಅಜ್ಜನ ಮನೆಯ ಪಡಸಾಲೆಗೆ ಹಾಸಿದ್ದು ಇದೇ ಇರಬಹುದು. ಈ ಸೀಮೆಯ ಎಷ್ಟೋ ಕಟ್ಟಡಗಳಿಗೆ ಆದದ್ದು ಈ ಸುಣ್ಣದ ಕಲ್ಲೇ. ಮುಂದೆ ಹೊನಗುಂಟಾದಲ್ಲಿ ಕಾಗಿಣೆ ಭೀಮೆಯನ್ನು ಕೂಡುತ್ತದೆ. ಚಂದ್ರಂಪಳ್ಳಿಯ ನೀರು ಅಲ್ಲಿಂದ ಭೀಮೆಯ ಹೆಸರಿನಲ್ಲಿ ಹರಿಯುತ್ತದೆ.

ವಾಡಿ ಜಂಕ್ಷನ್ನಿನ ಗೇಟು ಬಿದ್ದಿದೆ. 1874ರಲ್ಲಿ ನಿಜಾಮನ ರೈಲು ಸಿಕಂದರಾಬಾದಿನಿಂದ ಬಂದು ಮುಟ್ಟಿದ್ದು ಈ ಊರಿಗೆ. ಹಳಕಟ್ಟಾ ದರ್ಗಾಕ್ಕೆ ಹೊರಟ ಕುಟುಂಬವೊಂದು ಟಂಟಂನಲ್ಲಿ ನಿಮ್ಮ ಪಕ್ಕ ಒತ್ತಿಕೊಂಡು ಕೂತಿದೆ, ಹುಡುಗಿಯ ಮಡಿಲಲ್ಲಿ ಹೂವಿನ ಚಾದರ. ಗೂಡ್ಸ್ ಗಾಡಿ ಮುಗಿಯುವುದೇ ಇಲ್ಲ. ಗೇಟು ಎದ್ದ ಮೇಲೆ ನಾಲವಾರ ದಾಟಿ ಸನ್ನತಿಗೆ ಮತ್ತಷ್ಟು ದಾರಿ.

ಸನ್ನತಿಯಲ್ಲಿ ಭೀಮೆ ಹೊಳೆಯಂತೆ ಕಾಣುವುದಿಲ್ಲ. ಬ್ಯಾರೇಜಿನ ಹಿನ್ನೀರು ತುಂಬಿ ಅಗಲವಾಗಿ ನಿಂತಿದೆ. ತೆಪ್ಪದವನು ಬಲೆ ಎಳೆಯುತ್ತಿದ್ದಾನೆ. ‘ಮೊದಲ ಬ್ಯಾಸಗ್ಯಾಗ ಉಸುಕೇ ಕಾಣ್ತಿತ್ತರೀ ಇಲ್ಲಿ. ಈಗ ಗೇಟ್ ಹಾಕ್ಯಾರ, ನೀರು ನಿಂತಾವ’ ಎನ್ನುತ್ತಾನೆ.

ಚಂದ್ರಲಾಂಬೆಯ ಗುಡಿಯ ಪ್ರಾಕಾರ ದೊಡ್ಡದು. ದುಷ್ಟ ಅರಸನ ಮೇಲೆ ದುಂಬಿಗಳನ್ನು ಬಿಟ್ಟು ಭಕ್ತನನ್ನು ಕಾಯ್ದವಳು ಈ ತಾಯಿ, ಪೂಜೆ ಅವಳ ಪಾದುಕೆಗೆ. ಪ್ರಾಕಾರದಲ್ಲಿ ಕಾಳಿಯ ಗುಡಿಯೊಂದಿತ್ತು. 1986ರಲ್ಲಿ ಅದರ ಚಾವಣಿ ಕುಸಿಯಿತು. ಅವಶೇಷ ತೆಗೆಯುವಾಗ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮಿ ಲಿಪಿ ಕಂಡಿತು, ಎರಡೂ ಮೈಗೆ. ಅಶೋಕನ ಶಾಸನ! ಒಂದು ಮೈಗೆ ಅವನ 12 ಮತ್ತು 14ನೆಯ ಶಿಲಾಶಾಸನದ ಭಾಗಗಳು, ಇನ್ನೊಂದು ಮೈಗೆ ಅದುವರೆಗೆ ಒಡಿಶಾದ ಧೌಲಿ, ಜೌಗಡಗಳಲ್ಲಿ ಮಾತ್ರ ಸಿಕ್ಕಿದ್ದ ಪ್ರತ್ಯೇಕ ಶಾಸನಗಳು. ವಿಗ್ರಹದ ಬುಡ ಕೂರಲೆಂದು ಕಲ್ಲಿನ ನಡುವೆ ಚೌಕಾಕಾರದ ತೂತು ಕೊರೆದಿದ್ದರು, ಅಲ್ಲಿಯ ಅಕ್ಷರಗಳು ಹೋದವು. ಹನ್ನೆರಡನೆಯ ಶಾಸನ ಹೇಳುವುದು ಪರಮತದ ಮಾತು ಬಂದಾಗ ನಾಲಗೆಯ ಮೇಲೆ ಹಿಡಿತವಿರಲಿ ಎಂದು, ಇನ್ನೊಬ್ಬರ ಧರ್ಮವನ್ನು ಗೌರವಿಸಿದವನು ತನ್ನದನ್ನೇ ಬೆಳೆಸುತ್ತಾನೆ ಎಂದು. ಓದಲು ಬಾರದ ಆ ಕಲ್ಲನ್ನು ಊರವರು ಒಡೆದು ಎಸೆಯಲಿಲ್ಲ, ದೇವಿಯನ್ನು ಕೂಡಿಸಿದರು. ಅದು ಉಳಿದದ್ದು ಹಾಗೆ.

ಹತ್ತಿರದ ಕನಗನಹಳ್ಳಿಗೆ ಹೊಲದ ನಡುವೆ ದಾರಿ. 1994ರಿಂದ ಇಲ್ಲಿ ಅಗೆದ ಪುರಾತತ್ವ ಇಲಾಖೆಗೆ ಅಧೋಲೋಕ ಮಹಾಚೈತ್ಯವೆಂದು ಶಾಸನಗಳೇ ಕರೆದ ಶಾತವಾಹನರ ಕಾಲದ ಸ್ತೂಪ ಸಿಕ್ಕಿತು, ಬುದ್ಧನ ಪಾದಗಳನ್ನು ಕಡೆದ ಫಲಕಗಳೂ ಸಿಕ್ಕವು. ತಾಯಿಯ ಪಾದುಕೆಗೆ ಕೈಮುಗಿದು ಬಂದ ನೀವು ಈ ಪಾದಗಳನ್ನು ಕೇಳಿಕೊಂಡು ನೋಡಿ. ಇಷ್ಟು ದೊಡ್ಡ ಶಿಲ್ಪರಾಶಿ ವರ್ಷಗಟ್ಟಲೆ ಬಿಸಿಲು ಮಳೆಗೆ ಮೈಯೊಡ್ಡಿ ಬಿದ್ದಿತ್ತು ಎಂಬುದು ನನಗೆ ಇಂದಿಗೂ ಸಂಕಟದ ಮಾತು.

ಒಂದು ಫಲಕದಲ್ಲಿ ಅರಸ, ಪಕ್ಕದಲ್ಲಿ ರಾಣಿ. ಸುತ್ತ ಚಾಮರ, ಛತ್ರ ಹಿಡಿದ ಹೆಂಗಸರು. ಅಂಚಿನಲ್ಲಿ ಬ್ರಾಹ್ಮಿಯ ಐದು ಅಕ್ಷರ. ಅಷ್ಟು ಅಕ್ಷರ ಇದ್ದುದರಿಂದಲೇ ಈ ಮುಖ ಯಾರದೆಂದು ಜಗತ್ತಿಗೆ ತಿಳಿಯಿತು. ಕಾವಲಿನ ಹುಡುಗ ಒಂದೊಂದೇ ಅಕ್ಷರ ತೋರಿಸಿ ಓದಿ ಹೇಳುತ್ತಾನೆ: ‘ರಾ, ಯ, ಅ, ಸೋ, ಕೋ. ಅಶೋಕ ರಾಜ ಇಂವನೇ ನೋಡ್ರಿ ಅಣ್ಣಾರ. ಸಾಲಿ ಹುಡುಗರು ಬಂದ್ರ ಮೊದಲ ಇವನ್ನೇ ಕೇಳ್ತಾರ.’