ಹಿಂದೆ ಹಳದಿ, ಮುಂದೆ ಬಿಳಿ

ಜೋಡಿ ಎಂಬ ಮಾತಿಗೆ ನಮ್ಮಲ್ಲಿ ಮೊದಲಿನಿಂದಲೂ ಭಾರೀ ಮರ್ಯಾದೆ. ಚಪ್ಪಲಿ ಜೋಡಿಯಾಗಿರಬೇಕು, ಓಲೆ ಜೋಡಿಯಾಗಿರಬೇಕು, ದೇವರ ಮುಂದಿನ ದೀಪದ ಕಂಬಗಳೂ ಜೋಡಿಯಾಗಿರಬೇಕು. ಒಂದು ಕಾಲಿಗೆ ಕಪ್ಪು ಕಾಲುಚೀಲ, ಇನ್ನೊಂದಕ್ಕೆ ನೀಲಿ ಹಾಕಿಕೊಂಡು ಶಾಲೆಗೆ ಹೋದ ಹುಡುಗನನ್ನು ಕೇಳಿ ನೋಡಿ. ಆ ದಿನ ಅವನ ತಲೆಗೆ ಯಾವ ಪಾಠವೂ ಹೋಗಿರುವುದಿಲ್ಲ. ಬೆಂಚಿನ ಕೆಳಗೆ ಕಾಲು ಬಚ್ಚಿಟ್ಟುಕೊಳ್ಳುವುದರಲ್ಲೇ ಹೊತ್ತು ಕಳೆದಿರುತ್ತದೆ. ಆದರೆ ಸೈಕಲ್ಲಿನ ಎರಡು ಟೈರುಗಳ ಮೇಲೆ ಬರೆದಿರುವ ಹೆಸರು ಕೂಡ ಒಂದೇ ಬಣ್ಣದಲ್ಲಿರಬೇಕು ಎಂಬುದು ನನಗೆ ತಿಳಿದದ್ದು ಈಚೆಗೆ, ಒಂಬತ್ತನೇ ತರಗತಿಯಲ್ಲಿ ಓದುವ ನನ್ನ ಮಗಳಿಂದ.

ಅವಳದು ಗೇರಿನ ಸೈಕಲ್ಲು. ದಪ್ಪ ಟೈರು, ಟೈರಿನ ತುಂಬ ಮೊಸಳೆಯ ಬೆನ್ನಿನಂಥ ಗುಬುಟುಗಳು. ಅಂಗಡಿಯವರು ಅದನ್ನು ಮೌಂಟನ್ ಬೈಕ್ ಎನ್ನುತ್ತಾರೆ. ಹಾಸನದ ನಮ್ಮ ಬಡಾವಣೆಯಲ್ಲಿ ಹತ್ತಲು ಬೆಟ್ಟವಿಲ್ಲ. ಆದರೆ ಕೊಳಾಯಿಗೆಂದು ಅಗೆದು ಅರ್ಧಂಬರ್ಧ ಮುಚ್ಚಿದ ರಸ್ತೆಗಳಿವೆ. ಬೆಟ್ಟದ ಕೊರತೆಯನ್ನು ಅವು ನೀಗಿಸುತ್ತವೆ. ಎರಡು ವರ್ಷ ಓಡಿದ ಮೇಲೆ ಹಿಂದಿನ ಟೈರು ಸವೆದು ಬೋಳಾಯಿತು. ಅಂಗಡಿಗೆ ಕೊಟ್ಟೆವು. ಸಂಜೆ ಸೈಕಲ್ಲು ಮನೆಗೆ ಬಂದಾಗ ಹಿಂದಿನ ಟೈರಿನ ಮೇಲೆ ಹಳದಿ ಅಕ್ಷರ, ಮುಂದಿನದರ ಮೇಲೆ ಬಿಳಿ ಅಕ್ಷರ. ಕಂಪನಿ ಒಂದೇ, ಹೆಸರು ಒಂದೇ, ಅಳತೆಯೂ ಒಂದೇ. ಬಣ್ಣ ಮಾತ್ರ ಬೇರೆ.

ಮರುದಿನ ಶಾಲೆಯಿಂದ ಬಂದವಳು ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು. ಅದರ ಮರುದಿನ, "ಅಪ್ಪಾ, ಸ್ಕೂಟರಿನಲ್ಲಿ ಬಿಡ್ತೀರಾ?" ಎಂದಳು. ಮೂರನೆಯ ದಿನವೂ ಅದೇ ಮಾತು. ಅವಳ ಅಮ್ಮ ಮೆಲ್ಲಗೆ ವಿಚಾರಿಸಿದಾಗ ವಿಷಯ ಹೊರಬಿತ್ತು. ಸೈಕಲ್ ಸ್ಟ್ಯಾಂಡಿನಲ್ಲಿ ಸಹಪಾಠಿಯೊಬ್ಬಳು ಕೇಳಿದ್ದಳಂತೆ: "ಸೆಕೆಂಡ್ ಹ್ಯಾಂಡ್ ತಗೊಂಡ್ರಾ?" ಕೇಳಿದವಳಿಗೆ ಅದು ಕುತೂಹಲವೂ ಇದ್ದೀತು. ಕೇಳಿಸಿಕೊಂಡವಳಿಗೆ ಹಾಗೆ ಅನ್ನಿಸಲಿಲ್ಲ. "ನಿಮ್ಮ ಹತ್ರ ದುಡ್ಡಿಲ್ಲ ಅಂದ್ಕೊಂಡ್ಲು ಅಪ್ಪ," ಎಂದಳು ಮಗಳು. ಅವಳಿಗೆ ನೋವಾದದ್ದು ತನ್ನ ಸಲುವಾಗಿ ಎನ್ನುವುದಕ್ಕಿಂತ ನನ್ನ ಸಲುವಾಗಿ.

ಇಂಥ ಮಾತನ್ನು ನಕ್ಕು ತಳ್ಳಿಹಾಕುವುದು ದೊಡ್ಡವರಿಗೆ ಸುಲಭ. ಆದರೆ ಹದಿನಾಲ್ಕರ ಪ್ರಾಯದಲ್ಲಿ ಊರಿನ ಕಣ್ಣೆಲ್ಲ ತಮ್ಮ ಮೇಲೇ ಇದೆ ಎಂದು ಮಕ್ಕಳಿಗೆ ಅನ್ನಿಸುತ್ತದೆ. ಅಲ್ಲದೆ ಇಲ್ಲಿ ಕಳೆದುಹೋಗುವುದು ಬರೀ ಸೈಕಲ್ ಸವಾರಿಯಲ್ಲ. ಶಾಲೆ 3 ಕಿಲೋಮೀಟರು ದೂರ. ಗ್ರಂಥಾಲಯ, ಗೆಳತಿಯ ಮನೆ, ಟ್ಯೂಷನ್ ಎಲ್ಲದಕ್ಕೂ ಅವಳು ತಾನೇ ಹೋಗಿ ತಾನೇ ಬರುತ್ತಿದ್ದಳು. ಸೈಕಲ್ಲು ಬಿಟ್ಟರೆ ಪ್ರತಿಯೊಂದಕ್ಕೂ ನನ್ನ ಸ್ಕೂಟರಿನ ಬಿಡುವು ಕಾಯಬೇಕು. ನಮ್ಮ ಬೀದಿಯ ಹೆಣ್ಣುಮಕ್ಕಳು ಈ ವಯಸ್ಸಿಗೆ ಬಂದಾಗ ಒಬ್ಬೊಬ್ಬರಾಗಿ ಸೈಕಲ್ಲು ಬಿಟ್ಟದ್ದನ್ನು ನಾನು ನೋಡಿದ್ದೇನೆ. ಯಾರೂ ದೊಡ್ಡ ಕಾರಣಕ್ಕೆ ಬಿಟ್ಟವರಲ್ಲ. ಒಬ್ಬಳಿಗೆ ಚೈನು ಪದೇ ಪದೇ ಕಳಚುತ್ತಿತ್ತು, ಇನ್ನೊಬ್ಬಳಿಗೆ ಯಾರೋ ಏನೋ ಅಂದಿದ್ದರು. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿದ್ದು ಮಕ್ಕಳು ಹೈಸ್ಕೂಲಿನ ದಾರಿ ಬಿಡಬಾರದು ಎಂದೇ ಅಲ್ಲವೇ? ಸೈಕಲ್ಲು ಕೊಡಿಸಿದರೆ ಅರ್ಧ ಕೆಲಸ ಆಯಿತು. ಮಕ್ಕಳು ಅದರ ಮೇಲೆ ಕುಳಿತೇ ಇರುವಂತೆ ನೋಡಿಕೊಳ್ಳುವುದು ಉಳಿದರ್ಧ.

ಶನಿವಾರ ಮಧ್ಯಾಹ್ನ ಅವಳನ್ನೂ ಸೈಕಲ್ಲನ್ನೂ ಕರೆದುಕೊಂಡು ಅಂಗಡಿಗೆ ಹೋದೆ. ಯಜಮಾನರು ಬೋಳು ಟೈರನ್ನು ಮೂಲೆಯಿಂದ ಎಳೆದು ತಂದು ಅವಳ ಕೈಗೆ ಕೊಟ್ಟರು.

"ನೋಡಮ್ಮ, ಭಾರ ಜಾಸ್ತಿ ಬೀಳೋದು ಹಿಂದಿನ ಚಕ್ರದ ಮೇಲೆ. ನೀನು ತುಳಿದಿದ್ದೆಲ್ಲ ಚೈನ್ ಹಿಡ್ಕೊಂಡು ಹೋಗೋದೂ ಹಿಂದಕ್ಕೇ. ಅದಕ್ಕೇ ಅದು ಬೇಗ ಸವೀತು. ಮುಂದಿನದು ಇನ್ನೂ ಚೆನ್ನಾಗಿತ್ತು. ಅದನ್ನ ಬಿಚ್ಚಿ ಹಿಂದಕ್ಕೆ ಹಾಕ್ದೆ, ಹೊಸದನ್ನ ಮುಂದಕ್ಕೆ ಹಾಕ್ದೆ."

"ಹೊಸದನ್ನೇ ಹಿಂದಕ್ಕೆ ಹಾಕಬಹುದಿತ್ತಲ್ಲ?"

"ಹಾಕಬಹುದಿತ್ತು. ನನಗೂ ಅರ್ಧ ಕೆಲಸ ಉಳೀತಿತ್ತು. ಆದ್ರೆ ಹಿಂದಿನ ಚಕ್ರ ಜಾರಿದ್ರೆ ಸೈಕಲ್ಲು ಒಂಚೂರು ಬಾಲ ಆಡಿಸುತ್ತೆ, ಕಾಲು ಕೊಟ್ಟು ನಿಂತ್ಕೋಬೋದು. ಮುಂದಿನದು ಜಾರಿದ್ರೆ ನೀನು ನೆಲದ ಮೇಲೆ. ಗ್ರಿಪ್ ಇರೋದು ಯಾವಾಗ್ಲೂ ಮುಂದೆ ಇರ್ಬೇಕು."

ಬೆಟ್ಟದ ಹಾದಿಗಳಲ್ಲಿ ಸ್ಪರ್ಧೆಗಿಳಿಯುವವರು ಮಾಡುವುದೂ ಇದನ್ನೇ. ಎಷ್ಟೋ ಸವಾರರು ಬೇಕೆಂದೇ ಎರಡು ಬಗೆಯ ಟೈರು ಹಾಕಿಸುತ್ತಾರೆ: ಮುಂದೆ ನೆಲವನ್ನು ಕಚ್ಚಿ ಹಿಡಿಯುವಂಥದು, ಹಿಂದೆ ಹಗುರಾಗಿ ಉರುಳುವಂಥದು. ಎಂದರೆ ಮಗಳ ಸೈಕಲ್ಲಿನ ಹಳದಿ-ಬಿಳಿ ಕೆಲಸ ಬಲ್ಲವನೊಬ್ಬ ಅರ್ಧ ಗಂಟೆ ಹೆಚ್ಚು ದುಡಿದದ್ದರ ಗುರುತು.

ಟೈರಿನ ಮಗ್ಗುಲಲ್ಲಿ ಕಣ್ಣಿಗೆ ಹೊಡೆಯುವ ಹೆಸರಲ್ಲದೆ ಇನ್ನೊಂದು ಬರಹವೂ ಇರುತ್ತದೆ. ಅದಕ್ಕೆ ಬಣ್ಣವಿಲ್ಲ; ಕಪ್ಪಿನ ಮೇಲೆ ಕಪ್ಪಾಗಿ, ಬೆರಳಾಡಿಸಿದರೆ ತಿಳಿಯುವಂತೆ ಉಬ್ಬಿಕೊಂಡಿರುತ್ತದೆ. ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ನಾವಿಬ್ಬರೂ ಅದನ್ನು ಓದಿದೆವು. 26 × 2.10, ಪಕ್ಕದಲ್ಲಿ 54-559. ಟೈರಿನ ಅಗಲ 54 ಮಿಲಿಮೀಟರು. ರಿಮ್ಮಿನ ಮೇಲೆ ಟೈರು ಕೂರುವ ಜಾಗದ ವ್ಯಾಸ 559 ಮಿಲಿಮೀಟರು. ಹೊಂದಲೇಬೇಕಾದದ್ದು ಈ ಕೊನೆಯ ಸಂಖ್ಯೆ. 26 ಎಂದು ಬರೆದ ಟೈರುಗಳೆಲ್ಲ ಒಂದೇ ಅಲ್ಲ. 26 × 1 3/8 ಎಂಬ ಸಣಕಲು ಟೈರಿನ ವ್ಯಾಸ 590 ಮಿಲಿಮೀಟರು. ಎರಡೂ 26 ಇಂಚಿನವೇ, ಆದರೆ ಒಂದರ ರಿಮ್ಮಿಗೆ ಇನ್ನೊಂದು ಕೂರುವುದಿಲ್ಲ. ಎಷ್ಟು ಗಾಳಿ ಹೊಡೆಯಬಹುದು ಎಂಬ ಮಿತಿಯೂ ಅಲ್ಲೇ ಇತ್ತು. ಯಾವ ದಿಕ್ಕಿಗೆ ಉರುಳಬೇಕೆಂದು ತೋರಿಸುವ ಬಾಣವೂ ಇತ್ತು. ಬೇಕಾದ ಸಂಗತಿಗಳೆಲ್ಲ ಬಣ್ಣವಿಲ್ಲದ ಅಕ್ಷರದಲ್ಲೇ ಇದ್ದವು.

ಕಪ್ಪಿಗೂ ಒಂದು ಕತೆಯಿದೆ. ರಬ್ಬರಿನ ಹುಟ್ಟುಬಣ್ಣ ಕಪ್ಪಲ್ಲ. ಮರದಿಂದ ಇಳಿಯುವುದು ಹಾಲಿನಂಥ ರಸ. ಮೊದಮೊದಲ ಟೈರುಗಳು ಬಿಳುಚಾಗಿಯೇ ಇದ್ದವು. 20ನೇ ಶತಮಾನದ ಆರಂಭದಲ್ಲಿ, ಮಸಿಯಂಥ ನಯವಾದ ಇಂಗಾಲದ ಪುಡಿ ಬೆರೆಸಿದರೆ ರಬ್ಬರು ಗಟ್ಟಿಯಾಗಿ ಬಹುಕಾಲ ಬಾಳುತ್ತದೆ ಎಂದು ಕಂಡುಕೊಂಡರು. ಅಂದಿನಿಂದ ಟೈರು ಕಪ್ಪಾಯಿತು. ಆ ಕಪ್ಪು ಟೈರಿನ ಬಲ. ಮೇಲಿನ ಹಳದಿಯೋ ಬಿಳಿಯೋ ಅದರ ಬಲಕ್ಕೆ ಒಂದು ಗುಲಗಂಜಿಯಷ್ಟನ್ನೂ ಸೇರಿಸುವುದಿಲ್ಲ.

ಇದನ್ನೆಲ್ಲ ಕೇಳುತ್ತಿದ್ದಾಗ ನನಗೆ ನಮ್ಮ ತಂದೆಯವರು ಎತ್ತು ಕೊಳ್ಳುತ್ತಿದ್ದುದು ನೆನಪಾಯಿತು. ಬೂಕನಬೆಟ್ಟದ ದನಗಳ ಜಾತ್ರೆಗೆ ಚಿಕ್ಕಂದಿನಲ್ಲಿ ಅವರ ಹಿಂದೆ ಹೋಗುತ್ತಿದ್ದೆ. ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು, ಆಮೇಲೆ ಗೊರಸು, ಆಮೇಲೆ ಸುಳಿ. ಎರಡನ್ನೂ ಜೊತೆಯಲ್ಲಿ ನಡೆಸಿ ಹೆಜ್ಜೆ ನೋಡುತ್ತಿದ್ದರು. ಒಂದು ಸಲ ಅವರು ಹಿಡಿದು ತಂದ ಜೋಡಿಯಲ್ಲಿ ಒಂದು ಅಚ್ಚಬಿಳಿ, ಇನ್ನೊಂದು ಬೂದು. ಊರವರು ಆಡಿಕೊಂಡರು. ತಂದೆಯವರು, "ಎತ್ತರ ಹೊಂದ್ಬೇಕು, ನಡಿಗೆ ಹೊಂದ್ಬೇಕು. ಬಣ್ಣ ನೊಗ ಎಳೆಯೋಲ್ಲ," ಎಂದು ಹೇಳಿ ಹೊಲದ ಕಡೆ ನಡೆದರು. ಆ ಜೋಡಿ ನಮ್ಮ ಮನೆಯಲ್ಲಿ ಒಂಬತ್ತು ಮಳೆಗಾಲ ಉತ್ತಿತು. ಮಗಳಿಗೆ ಈ ಕತೆ ಹೇಳಿದೆ. "ಅಜ್ಜ ಸೈಕಲ್ ಸ್ಟ್ಯಾಂಡಿಗೆ ಬಂದಿರಲಿಲ್ಲವಲ್ಲ," ಎಂದಳು. ಅದೂ ನಿಜವೇ ಅನ್ನಿ.

ಆದರೆ ಅವಳ ಸೈಕಲ್ಲಿನ ವಂಶದ ಕತೆ ಅವಳಿಗೆ ಹಿಡಿಸಿತು. ಗಾಳಿ ತುಂಬಿದ ಟೈರು ಹಬ್ಬಿದ್ದೇ ಒಬ್ಬ ತಂದೆಯ ಕಾಳಜಿಯಿಂದ. ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯರಿದ್ದರು. ಅವರ ಮಗನ ಟ್ರೈಸಿಕಲ್ಲಿಗೆ ಗಟ್ಟಿ ರಬ್ಬರಿನ ಚಕ್ರಗಳು. ಒರಟು ನೆಲದಲ್ಲಿ ಮೈಯೆಲ್ಲ ಅಲುಗುತ್ತಿತ್ತು. 1887ರಲ್ಲಿ ಅವರು ರಬ್ಬರಿನ ಕೊಳವೆಗೆ ಗಾಳಿ ತುಂಬಿ ಅದನ್ನು ಮರದ ತಟ್ಟೆಯೊಂದರ ಸುತ್ತ ಕಟ್ಟಿ ಅಂಗಳದಲ್ಲಿ ಉರುಳಿಸಿ ನೋಡಿದರು. ಹಳೆಯ ಚಕ್ರ ನಿಂತುಹೋದ ಮೇಲೂ ಅದು ಉರುಳುತ್ತಲೇ ಹೋಯಿತು. ಆಮೇಲೆ ಅಂಥವನ್ನು ಟ್ರೈಸಿಕಲ್ಲಿನ ಹಿಂದಿನ ಎರಡು ಚಕ್ರಗಳಿಗೆ ಹಾಕಿದರು. 1888ರಲ್ಲಿ ಪೇಟೆಂಟ್ ದೊರೆಯಿತು. ರಾಬರ್ಟ್ ವಿಲಿಯಂ ಥಾಮ್ಸನ್ ಎಂಬವರು ಇದೇ ಉಪಾಯಕ್ಕೆ 1845ರಲ್ಲೇ ಪೇಟೆಂಟ್ ಪಡೆದಿದ್ದರೆಂದು ಆಮೇಲೆ ತಿಳಿದು ಡನ್‌ಲಪ್‌ರದು ರದ್ದಾಯಿತು. ಆದರೂ ಮಗನಿಗೆ ಸಿಕ್ಕಿದ ಸುಖ ರದ್ದಾಗಲಿಲ್ಲ.

ಮೌಂಟನ್ ಬೈಕಿನ ಹುಟ್ಟಂತೂ ಪೂರ್ತಿ ಬೆರಕೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಾನ್‌ಫ್ರಾನ್ಸಿಸ್ಕೋದ ಉತ್ತರಕ್ಕೆ ಮೌಂಟ್ ಟಮಾಲ್ಪೈಸ್ ಎಂಬ ಬೆಟ್ಟವಿದೆ. 1970ರ ದಶಕದಲ್ಲಿ ಅಲ್ಲಿನ ಯುವಕರು 1930-40ರ ಕಾಲದ ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಹುಡುಕಿ ತಂದು, ಒಂದಕ್ಕೆ ಮೋಟಾರ್ ಸೈಕಲ್ಲಿನ ಬ್ರೇಕ್ ಹಿಡಿ, ಇನ್ನೊಂದಕ್ಕೆ ಬೇರೆ ಯಾವುದೋ ಸೈಕಲ್ಲಿನ ಗೇರು ಜೋಡಿಸಿ ಮಣ್ಣಿನ ದಾರಿಯಲ್ಲಿ ಕೆಳಗೆ ಬಿಡುತ್ತಿದ್ದರು. 1976ರಲ್ಲಿ ಶುರುವಾದ ಅವರ ಪಂದ್ಯಕ್ಕೆ 'ರಿಪ್ಯಾಕ್' ಎಂದು ಹೆಸರು. ಇಳಿಯುವಷ್ಟರಲ್ಲಿ ಹಿಂದಿನ ಬ್ರೇಕಿನೊಳಗಿನ ಗ್ರೀಸು ಕಾದು ಹೊಗೆಯಾಗಿಬಿಡುತ್ತಿತ್ತು. ಪ್ರತಿಸಲವೂ ಹೊಸದಾಗಿ ತುಂಬಬೇಕಾಗುತ್ತಿತ್ತು. ಅದಕ್ಕೇ ಆ ಹೆಸರು. ಇದಕ್ಕೆಂದೇ ಹೊಸ ಸೈಕಲ್ಲುಗಳನ್ನು 1977ರಿಂದ ಕಟ್ಟತೊಡಗಿದರು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಮೌಂಟನ್ ಬೈಕಿಂಗ್ ಪದಕದ ಆಟವಾಯಿತು. ಮಗಳ ಟೈರಿನ ಮೇಲಿನ 559 ಎಂಬ ಸಂಖ್ಯೆಯೂ ಆ ಹಳೆಯ ದಪ್ಪ ಟೈರಿನ ಸೈಕಲ್ಲುಗಳಿಂದಲೇ ಇಳಿದು ಬಂದದ್ದು. ಅಂದರೆ ಈ ಸೈಕಲ್ಲಿನ ಮುತ್ತಜ್ಜಂದಿರೆಲ್ಲ ಸೆಕೆಂಡ್ ಹ್ಯಾಂಡೇ!

ಇಷ್ಟಾದ ಮೇಲೂ ತೀರ್ಮಾನ ಅವಳಿಗೇ ಬಿಟ್ಟೆ. "ಐನೂರು ಚಿಲ್ಲರೆ ಕೊಟ್ಟರೆ ಬಿಳಿ ಅಕ್ಷರದ ಇನ್ನೊಂದು ಟೈರು ಬರುತ್ತೆ, ಹಳದಿಯದು ಅಟ್ಟ ಸೇರುತ್ತೆ. ಇಲ್ಲವೇ ಕಪ್ಪು ಮಾರ್ಕರಿನಲ್ಲಿ ಅಕ್ಷರ ಬಳಿದುಬಿಡು, ಖರ್ಚಿಲ್ಲ. ಇಲ್ಲವೇ ಹೀಗೇ ಇರಲಿ. ಸೈಕಲ್ಲು ನಿನ್ನದು, ನೀನೇ ಹೇಳು," ಎಂದೆ. ಅವಳು ಮಾರ್ಕರ್ ಹಿಡಿದು ಜಗಲಿಯ ಮೇಲೆ ಕುಳಿತಳು. ಹಳದಿಯ ಎರಡು ಅಕ್ಷರ ಬಳಿದವಳು ನಿಲ್ಲಿಸಿ, "ಬೇಡಪ್ಪ, ಏನೋ ಮುಚ್ಚಿಟ್ಟ ಹಾಗೆ ಕಾಣುತ್ತೆ," ಎಂದಳು. ಸೋಮವಾರ ಸೈಕಲ್ಲಿನಲ್ಲೇ ಹೋದಳು. ಆ ಗೆಳತಿ ಮತ್ತೆ ಕೇಳಿದಳಂತೆ. "ಹಳೇದು ಹಿಂದೆ, ಹೊಸದು ಮುಂದೆ. ಬೇಕು ಅಂತಲೇ," ಎಂದಳಂತೆ ಇವಳು. ಗೆಳತಿ ಯಾಕೆ ಎಂದಳು. ಇವಳು ಸೈಕಲ್ ಸ್ಟ್ಯಾಂಡಿನಲ್ಲೇ ಬಾಲ ಆಡಿಸುವ ಪಾಠ ಮಾಡಿದಳು.

ಬಣ್ಣದ ಅಕ್ಷರ ಅಲಂಕಾರಕ್ಕೇ ಇರಬಹುದು, ಆದರೆ ಅದಕ್ಕೂ ಒಂದು ಉಪಯೋಗವಿದೆ. ನುರಿತ ಮೆಕ್ಯಾನಿಕ್‌ಗಳು ಟೈರು ಹಾಕುವಾಗ ಅದರ ಹೆಸರು ಗಾಳಿ ಹೊಡೆಯುವ ವಾಲ್ವಿನ ನೇರಕ್ಕೇ ಬರುವಂತೆ ಕೂರಿಸುತ್ತಾರೆ. ಪಂಕ್ಚರ್ ಆದಾಗ ಟ್ಯೂಬನ್ನು ನೀರಿನಲ್ಲಿ ಅದ್ದಿ ತೂತು ಹುಡುಕುತ್ತೇವಲ್ಲ, ಆ ತೂತು ವಾಲ್ವಿನಿಂದ ಎಷ್ಟು ದೂರ ಎಂದು ನೋಡಿಕೊಂಡು, ಟೈರಿನ ಮೇಲೆ ಹೆಸರಿನಿಂದ ಅಷ್ಟೇ ದೂರ ಹುಡುಕಿದರೆ ಮುಳ್ಳು ಸಿಗುತ್ತದೆ. ಟ್ಯೂಬು ಯಾವ ಮಗ್ಗುಲಿಗಿತ್ತೆಂಬುದು ಮರೆತಿದ್ದರೆ ಎರಡೂ ಕಡೆ ಅಳೆದು ನೋಡಬೇಕು, ಅಷ್ಟೇ. ಹೋದ ತಿಂಗಳು ಹಿಂದಿನ ಟೈರಿಗೆ ಜಾಲಿಮುಳ್ಳು ಚುಚ್ಚಿತು. ಅರೆಬರೆ ಕಪ್ಪಾದ ಹಳದಿ ಅಕ್ಷರದಿಂದ ಒಂದೂವರೆ ಗೇಣು ಅಳೆದು ಮಗಳೇ ಅದನ್ನು ಕಿತ್ತಳು. ಮುಳ್ಳು ತೆಗೆಯದೆ ಟ್ಯೂಬಿಗೆ ಮಾತ್ರ ತೇಪೆ ಹಾಕಿದ್ದರೆ ಮರುದಿನ ಅದೇ ಜಾಗದಲ್ಲಿ ಮತ್ತೆ ತೂತು.

ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ ಇಂದೇ ತಮ್ಮ ಸೈಕಲ್ಲಿನ ಪಕ್ಕ ಕುಳಿತು ಆ ಬಣ್ಣವಿಲ್ಲದ ಅಂಕಿಗಳನ್ನು ಓದಿಕೊಳ್ಳಲಿ. ಮುಂದಿನ ಟೈರಿನಲ್ಲಿ ಗ್ರಿಪ್ ಇದೆಯೇ, ಬಾಣ ಸರಿಯಾದ ದಿಕ್ಕಿಗಿದೆಯೇ ನೋಡಲಿ. ಅಷ್ಟು ಬಲ್ಲವರನ್ನು ಸೈಕಲ್ ಸ್ಟ್ಯಾಂಡಿನ ಒಂದು ಪ್ರಶ್ನೆ ಅಲುಗಿಸಲಾರದು. ತಂದೆತಾಯಿಯರಲ್ಲಿ ಒಂದು ಕೋರಿಕೆ. ಮಗುವೊಂದು ಕ್ಷುಲ್ಲಕವೆಂದು ತೋರುವ ಕಾರಣಕ್ಕೆ ಏನನ್ನಾದರೂ ಬಿಡಹೊರಟರೆ ಗದರಿಸಲೂ ಬೇಡಿ, ತಕ್ಷಣ ದುಡ್ಡು ಬಿಚ್ಚಲೂ ಬೇಡಿ. ಒಂದು ಶನಿವಾರ ಮಧ್ಯಾಹ್ನ ಬಿಡುವು ಮಾಡಿಕೊಂಡು ಸೈಕಲ್ ಅಂಗಡಿಯ ಮೆಟ್ಟಿಲ ಮೇಲೆ ಅದರ ಜೊತೆ ಕುಳಿತುಕೊಳ್ಳಿ. ಟೈರಿನ ವಿಷಯ ನಿಮಗೆ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ, ಅಂಗಡಿಯವರಿಗೆ ಗೊತ್ತಿರುತ್ತದೆ.