ಕ್ಯಾರವಾನಿನ ತೂತು ಎಲ್ಲಿ?

ಬೆಳ್ಳಿತೆರೆಯ ಮೇಲೆ ನಾಯಕಿ ಮಳೆಯಲ್ಲಿ ನೆನೆದರೆ ಶಿಳ್ಳೆ! ಅದೇ ನಾಯಕಿ ಕ್ಯಾರವಾನಿನಲ್ಲಿ ಕುಳಿತಾಗ ನೆತ್ತಿಯ ಮೇಲೆ ಒಂದೇ ಒಂದು ಹನಿ ಬಿದ್ದರೆ? ಶೂಟಿಂಗ್ ಬಂದ್!

ಹಿಂದೆ ಈ ರಗಳೆ ಇರಲಿಲ್ಲ ಬಿಡಿ. ಹೊರಾಂಗಣವೆಂದರೆ ನಾಲ್ವರು ಸೀರೆ ಅಡ್ಡ ಹಿಡಿಯುವುದು, ತಪ್ಪಿದರೆ ಪ್ರವಾಸಿ ಮಂದಿರದ ಕೋಣೆ. 1990ರ ದಶಕದಲ್ಲಿ ಹಿಂದಿಯಲ್ಲಿ ನಟಿ ಪೂನಂ ಧಿಲ್ಲೋನ್ 'ವ್ಯಾನಿಟಿ ವ್ಯಾನ್' ರೂಢಿಗೆ ತಂದರು. ಈಗ ಅದು ನಮ್ಮ ಚಿಕ್ಕೋಡಿಗೂ ಬಂದಿದೆ. ಬರಲೇಬೇಕು ತಾನೆ? ಪ್ರಭಾತ್ ಫಿಲ್ಮ್ ಕಂಪನಿ 1929ರಲ್ಲಿ ಹುಟ್ಟಿದ್ದೇ ಪಕ್ಕದ ಕೊಲ್ಹಾಪುರದಲ್ಲಿ. ನಮ್ಮ ಭಾಗದ ಸಿನಿಮಾ ಹುಚ್ಚು ನಿನ್ನೆ ಮೊನ್ನೆಯದಲ್ಲ.

ಚಿಕ್ಕೋಡಿಯ ಗೆಳೆಯನೊಬ್ಬ ಅಪ್ಪನ ಕಬ್ಬಿನ ಹೊಲದ ಮೇಲೆ ಸಾಲ ಎತ್ತಿ, ಹಳೆಯ ಮಿನಿ ಬಸ್ಸಿಗೆ ಮಂಚ, ಕನ್ನಡಿ, ಸಂಡಾಸು, ಏ.ಸಿ. ಕೂಡಿಸಿ ಕ್ಯಾರವಾನ್ ಮಾಡಿದ್ದ. 2024ರ ಜುಲೈನಲ್ಲಿ ನಿಪ್ಪಾಣಿ ಕಡೆ ಚಿತ್ರೀಕರಣ. ನಾಲ್ಕು ಸಾಲು ಬರೆದು ಹೊಟ್ಟೆ ಹೊರೆಯುವ ನಾನೂ ಅಲ್ಲಿಗೆ ಹೋಗಿದ್ದೆ. (ಪಿಯುಸಿ ಬಿಟ್ಟವನಿಗೆ ಪೆನ್ನೇ ನೇಗಿಲು!) ನೋಡಿದರೆ ಕನ್ನಡಿಯ ಮೇಲಿನ ಬಲ್ಬುಗಳ ಸಾಲಿನಿಂದ ನೀರು ತೊಟ್ಟಿಕ್ಕುತ್ತಿದೆ... ಬಾಗಿಲ ಹಿಡಿಕೆ ಮುಟ್ಟಿದ ಮೇಕಪ್‌ಮನ್ 'ಅಯ್ಯಯ್ಯೋ' ಎಂದು ಕೈ ಝಾಡಿಸಿದ. ಹೊರಗೆ ಜನರೇಟರು, 230 ವೋಲ್ಟು. ಜೀವವೇ ಹೋಗುತ್ತಿತ್ತಲ್ಲ!

"ನಾಳೆ ಬೆಳಗ್ಗೆ ಎಂಟಕ್ಕೆ ಸರಿಹೋಗಿರ್ಬೇಕು. ಇಲ್ದಿದ್ರೆ ಬೇರೆ ಗಾಡಿ" ಎಂದರು ಬೆಂಗಳೂರಿನ ಮ್ಯಾನೇಜರು.

ಗೆಳೆಯನ ಮುಖ ನೋಡಲಾಗಲಿಲ್ಲ. ಬಾಡಿ ಕೆಲಸದ ವಯಸ್ಸಾದ ಮೇಸ್ತ್ರಿಯೊಬ್ಬರನ್ನು ಕರೆತಂದೆವು. "ಕಾಕಾ, ಬ್ಯಾಸಗಿ ಪೂರಾ ಅಥಣ್ಯಾಗ ನಿಂತಿತ್ತರೀ, ಒಂದ ಹನಿ ಇಳದಿಲ್ಲ" ಎಂದ ಗೆಳೆಯ.

"ಅಲ್ಲೇ ಹರದೈತಿ ತಮ್ಮಾ. ಬಿಸಲ ಹರೀತೈತಿ, ಮಳಿ ತೋರಸತೈತಿ" ಎಂದರು ಕಾಕಾ.

ಎಂಥ ಮಾತು! ಅಥಣಿಯ ಬಿಸಿಲಿಗೆ ಸಂದುಗಳ ಸೀಲೆಂಟು ಒಣಗಿ ಬಿರಿಯುತ್ತದೆ. ರಾಯಬಾಗ, ಕಾಗವಾಡದ ಕಬ್ಬಿನ ಟ್ರ್ಯಾಕ್ಟರು ತುಳಿದ ರಸ್ತೆಗಳಲ್ಲಿ ಕುಲುಕಾಡಿ ಸ್ಕ್ರೂ ಸಡಿಲಾಗುತ್ತದೆ. ಘಟ್ಟದ ಮಳೆ ತಾಗುವ ನಿಪ್ಪಾಣಿಗೆ ಬಂದಾಗ ಎಲ್ಲ ಬಯಲು!

ಕಾಕಾ ಮೊದಲು ಜನರೇಟರಿನ ಕೇಬಲ್ಲು ಕೀಳಿಸಿದರು. ಆಮೇಲೆ ನಲ್ಲಿಗಳನ್ನೆಲ್ಲ ಬಂದ್ ಮಾಡಿ ಸುಮ್ಮನೆ ಕುಳಿತರು. ಬ್ಯಾಟರಿಯ ಮೇಲೆ ಓಡುವ ನೀರಿನ ಪಂಪು ತಾನಾಗಿ 'ಗುರ್' ಎಂದರೆ ಪೈಪು ಸೋರುತ್ತಿದೆ ಎಂದರ್ಥ. ಪಂಪು ಗಪ್‌ಚಿಪ್. ಏ.ಸಿ. ಆರಿಸಿದರೂ ಹನಿ ನಿಲ್ಲಲಿಲ್ಲ. ಅಂದಮೇಲೆ ಕಳ್ಳ ಮಾಳಿಗೆಯಲ್ಲೇ ಇದ್ದಾನೆ. ಆದರೆ ತೊಟ್ಟಿಕ್ಕುವ ಜಾಗದಲ್ಲೇ ತೂತು ಇರಬೇಕೆಂದೇನಿಲ್ಲ. ನೀರು ಒಳಗಿನ ಕಬ್ಬಿಣದ ಪಟ್ಟಿ ಹಿಡಿದು ಎಲ್ಲಿಗೋ ಹೋಗಿ ಇಳಿಯುತ್ತದೆ.

ಮಳೆ ನಿಂತ ಮೇಲೆ ಶುರುವಾಯಿತು ನೋಡಿ ಪತ್ತೇದಾರಿ! ಕಿಟಕಿ, ಕಿಂಡಿಗಳಿಗೆಲ್ಲ ಟೇಪು ಅಂಟಿಸಿದೆವು. ಪಕ್ಕದ ಗ್ಯಾರೇಜಿನಿಂದ ವೈರು ಎಳೆದು, ಒಂದು ಕಿಟಕಿಗೆ ರಟ್ಟು ಬಡಿದು ಬ್ಲೋವರಿನಿಂದ ಒಳಗೆ ಗಾಳಿ ತುಂಬಿದೆವು. ಮಾಳಿಗೆಯ ಮೇಲೆ ಸೋಪಿನ ನೀರು ಬಳಿದೆವು. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವ ಲೆಕ್ಕವೇ! ಎಲ್ಲರ ಅನುಮಾನ ಏ.ಸಿ.ಯ ಮೇಲೆ. ಗುಳ್ಳೆ ಎದ್ದದ್ದು ಮಾತ್ರ ನಾಲ್ಕು ಅಡಿ ಆಚೆ, ಮೂಲೆಯ ಪುಟ್ಟ ದೀಪದ ಸ್ಕ್ರೂ ಸುತ್ತ...

ಯಾರೋ ಪುಣ್ಯಾತ್ಮ ಅಲ್ಲಿ ಮೊದಲೇ ಸಿಲಿಕೋನ್ ಮೆತ್ತಿದ್ದ. ಅದರ ಮೇಲೆ ಬೇರೇನೂ ಹಿಡಿಯದು. ಪೂರ್ತಿ ಕೆರೆದು, ಸ್ಪಿರಿಟ್ಟಿನಿಂದ ಒರೆಸಿ, ಮೇಕಪ್‌ಮನ್ನಿನ ಹೇರ್ ಡ್ರೈಯರಿನಿಂದ ಒಣಗಿಸಿದೆವು. ದೀಪದ ಅಡಿಗೆ ಬ್ಯೂಟೈಲ್ ಟೇಪು ಇಟ್ಟು ಸ್ಕ್ರೂ ಬಿಗಿದು, ಅಂಚಿಗೆ ಪಾಲಿಯುರೆಥೇನ್ ಸೀಲೆಂಟು ಬಳಿದರು. ಸೀಲೆಂಟು ಪೂರಾ ಗಟ್ಟಿಯಾಗಲು ದಿನ ಹಿಡಿದರೂ ಟೇಪು ಆ ಕ್ಷಣವೇ ನೀರು ತಡೆಯುತ್ತದೆ. ಕಲ್ಲಿನಂತಾಗುವ ಲಪ್ಪ ಬೇಡವೇ ಬೇಡ, ಗಾಡಿ ಅಲುಗಿದರೆ ಅದು ಬಿರಿಯುತ್ತದೆ. ಒಳಗೆ ಪ್ಲೈವುಡ್ಡು ಬೆರಳಿಗೆ ಮೆತ್ತಗೆ ಹತ್ತಿದಷ್ಟು ಜಾಗ ಕತ್ತರಿಸಿ ತೆಗೆದರು.

ಇಲೆಕ್ಟ್ರಿಷಿಯನ್ ಬಂದು ನೆನೆದ ವೈರು ಬದಲಿಸಿದ, ಕಳಚಿದ್ದ ಅರ್ಥ್ ವೈರು ಕೂಡಿಸಿದ, ಕರೆಂಟು ಸೋರಿದರೆ ತಾನೇ ಕಡಿದುಕೊಳ್ಳುವ ಸ್ವಿಚ್ಚು ಹಾಕಿದ. ಆಗ ರಾತ್ರಿ ಎರಡು ಗಂಟೆ.

ಬೆಳಗ್ಗೆ ಎಂಟಕ್ಕೆ ಧೋ ಎಂದು ಮಳೆ! ಮ್ಯಾನೇಜರು ಕನ್ನಡಿಯ ಕೆಳಗೆ ಪೇಪರು ಹಾಸಿ ಅರ್ಧ ತಾಸು ಕುಳಿತರು. ಒಂದು ಹನಿಯೂ ಇಲ್ಲ. ಗೆಳೆಯ ಆ ತಿಂಗಳ ಕಂತು ಕಟ್ಟಿದ. ಕಾಕಾ ಮಾತ್ರ ಮಜೂರಿ ಬೇಡವೆಂದರು. ನಾಯಕಿಯ ಜೊತೆ ಒಂದು ಫೋಟೋ ಬೇಕಂತೆ... ಮೊಮ್ಮಗಳಿಗೆ ತೋರಿಸಲು!