ಧಾರೆಗೆ ತಪ್ಪಿದ ಸೋದರಮಾವ

ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಆಕಾಶದಲ್ಲಿ ಸುಮಾರು 14,000 ಕಿ.ಮೀ. ಎಲ್ಲೂ ಇಳಿಯದೆ ಹಾರಿದರೆ ಹದಿನೇಳು ಗಂಟೆ ಆಸುಪಾಸು. ಅಕ್ಕನ ಮಗಳ ಮದುವೆಗೆ ಟಿಕೆಟ್ ತೆಗೆಯುವಾಗ ಈ ಎರಡು ಅಂಕಿ ಸಾಕೆನಿಸಿತು. ಶುಕ್ರವಾರ ರಾತ್ರಿ ಒಂಬತ್ತಕ್ಕೆ ಹೊರಟರೆ ಶನಿವಾರ ಮಧ್ಯಾಹ್ನ ಎರಡಕ್ಕೆ ಬೆಂಗಳೂರು, ರಾತ್ರಿ ಊಟಕ್ಕೆ ಸಾಗರ. ಧಾರೆ ಇದ್ದದ್ದು ಭಾನುವಾರ ಬೆಳಿಗ್ಗೆ ಹತ್ತಕ್ಕೆ.

"ಎರಡು ದಿನ ಮುಂಚೆ ಬಾರೋ ಮಾರಾಯ. ಸೋದರಮಾವನೇ ಇಲ್ಲದಿದ್ರೆ ಹುಡುಗೀನ ಮಂಟಪಕ್ಕೆ ಕರ್ಕೊಂಡು ಬರೋರು ಯಾರು?" ಎಂದಿದ್ದಳು ಅಕ್ಕ. ಅವಳಿಗೂ ಗಂಟೆಗಳ ಲೆಕ್ಕ ಒಪ್ಪಿಸಿದೆ. ಎರಡು ದಿನದ ರಜೆ ಉಳಿಸುವ ಆಸೆಯೂ ಇತ್ತು, ಅದನ್ನು ಹೇಳಲಿಲ್ಲ.

ದಾರಿಯ ಬಗ್ಗೆ ನನಗೆ ಗೊತ್ತಿಲ್ಲದ್ದೇನೂ ಇರಲಿಲ್ಲ. ಗೋಡೆಯ ಭೂಪಟದಲ್ಲಿ ಒಂದೊಂದು ಅಂಚಿಗಿರುವ ಈ ಊರುಗಳ ನಡುವೆ ಗೋಳದ ಮೇಲೆ ದಾರ ಬಿಗಿದು ನೋಡಿ, ಅದು ಆರ್ಕ್ಟಿಕ್ ವೃತ್ತದೊಳಗೆ ಹಾಯುತ್ತದೆ. 2021ರ ಜನವರಿಯಲ್ಲಿ ಈ ಮಾರ್ಗದ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತವರ ಮಹಿಳಾ ಪೈಲಟ್‌ಗಳ ತಂಡ ಉತ್ತರ ಧ್ರುವದ ಮೇಲಿಂದಲೇ ತಂದಿಳಿಸಿತ್ತು. ದಿನವೂ ಅದೇ ದಾರಿ ಅಂತಿಲ್ಲ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಬೆನ್ನಿಗೆ ಸಿಕ್ಕರೆ ಸುತ್ತು ದಾರಿಯೇ ಬೇಗ ಮುಟ್ಟಿಸುವುದುಂಟು. ಪಕ್ಕದ ಸೀಟಿನವರಿಗೆ ಇದನ್ನೆಲ್ಲ ವಿವರಿಸುತ್ತ, ಎದುರಿನ ಪರದೆಯ ನಕ್ಷೆಗೆ ಬೆರಳು ತೋರಿಸಿದೆ. ನಕ್ಷೆಯ ಕೆಳಗೆ ತಲುಪುವ ಹೊತ್ತು: ಭಾನುವಾರ ನಸುಕಿನ 3:30.

ಚಳಿಗಾಲದಲ್ಲಿ ಬೆಂಗಳೂರಿನ ಗಡಿಯಾರ ಅಲ್ಲಿಗಿಂತ ಹದಿಮೂರೂವರೆ ಗಂಟೆ ಮುಂದೆ. ಹದಿನೇಳಕ್ಕೆ ಅದನ್ನು ಕೂಡಿಸಬೇಕಿತ್ತು. ಇಪ್ಪತ್ತು ವರ್ಷ ಅಮೆರಿಕದಲ್ಲಿದ್ದು, ಅಮ್ಮನಿಗೆ ಫೋನ್ ಮಾಡುವ ಮೊದಲು ಪ್ರತಿ ಸಲ ಮಾಡುವ ಲೆಕ್ಕವೇ ಅದು! ಟಿಕೆಟ್ ತೆಗೆದು ನೋಡಿದರೆ ಇಳಿಯುವ ಸಮಯದ ಪಕ್ಕ ಇರುವೆಯಷ್ಟು ಸಣ್ಣದಾಗಿ +2 ಅಂತಿತ್ತು. ಪಕ್ಕದವರು ಧ್ರುವದ ಬಗ್ಗೆ ಇನ್ನೇನೋ ಕೇಳಿದರು. ನಿದ್ದೆ ಬಂದವನಂತೆ ಕಣ್ಣು ಮುಚ್ಚಿದೆ.

ಇಳಿದು, ಇಮಿಗ್ರೇಷನ್ ಸಾಲು ದಾಟಿ, ಲಗೇಜು ಹಿಡಿದು ಕಾರು ಹತ್ತುವಾಗ ಐದಕ್ಕೆ ಕಾಲು ಗಂಟೆ ಇತ್ತು. ಗಂಟೆಗೆ ಎಂಟುನೂರು ಕಿ.ಮೀ. ಓಡಿಬಂದವನಿಗೆ ಇನ್ನು ಐವತ್ತರ ವೇಗ. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು. ಮುಹೂರ್ತದ ಹೊತ್ತಿಗೆ ತರೀಕೆರೆಯಲ್ಲಿದ್ದೆ. ಚಿಕ್ಕಪ್ಪನ ಮಗ ಹುಡುಗಿಯ ಕೈ ಹಿಡಿದು ಮಂಟಪಕ್ಕೆ ಕರೆತಂದನಂತೆ. ಅವನೂ ಸೋದರಮಾವನೇ, ಶಾಸ್ತ್ರಕ್ಕೆ ಕುಂದಿಲ್ಲ. ನಾನು ಛತ್ರ ಮುಟ್ಟಿದ್ದು ಕೊನೆಯ ಪಂಕ್ತಿಗೆ. ಹುಡುಗಿ ನಮಸ್ಕಾರ ಮಾಡಿದಳೇ ಹೊರತು ಮಾತಾಡಲಿಲ್ಲ.

ವಿಮಾನ ನಿಲ್ದಾಣದಿಂದಲೇ ಅಕ್ಕನಿಗೆ ಫೋನ್ ಮಾಡಿ, "ವಿಮಾನ ತಡ ಆಯ್ತು ಅಕ್ಕಾ" ಅಂದಿದ್ದೆ. ಅವಳು ಇವತ್ತಿಗೂ ಆ ವಿಮಾನಕ್ಕೆ ಶಾಪ ಹಾಕುತ್ತಾಳೆ. ಅದು ಹತ್ತು ನಿಮಿಷ ಮುಂಚೆಯೇ ಇಳಿದಿತ್ತು.